ಯಾರ ಮಕ್ಕಳು ಏನು ಓದಬೇಕು?

ಪಿಯುಸಿ ಫಲಿತಾಂಶ ಬಂದ ವಾರ. ಮಗ್ರಿಬ್ ನಮಾಜು ಮುಗಿಸಿ ಬಂದು ನಾವಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಪೇಂಟರ್ ಸಾಬರು ಮಗಳನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದರು. ಅರಸೀಕೆರೆಯ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮಕ್ಕಳಿಗೂ ಅವರು ಪೇಂಟರ್ ಚಾಚಾ, ರೇಷನ್ ಅಂಗಡಿಯವನಿಗೂ ಪೇಂಟರ್ ಸಾಬರು. ಕೈಯಲ್ಲಿ ಎರಡು ಕಾಗದಗಳಿದ್ದವು.

ಒಂದು, ಬೆಂಗಳೂರಿನ ಖಾಸಗಿ ಕಲಾಶಾಲೆಯೊಂದರ ಮಿರಿಮಿರಿ ಮಿಂಚುವ ಪುಸ್ತಿಕೆ. ಅನಿಮೇಷನ್, ಗ್ರಾಫಿಕ್ ಡಿಸೈನ್, ಮೂರು ವರ್ಷ. ಮುಖಪುಟದ ಮೇಲೆ ದಪ್ಪಕ್ಷರದಲ್ಲಿ 'ನೂರಕ್ಕೆ ನೂರು ಪ್ಲೇಸ್‌ಮೆಂಟ್'. ಇನ್ನೊಂದು, ಹುಡುಗಿಯೇ ಸೈಬರ್ ಅಂಗಡಿಯಲ್ಲಿ ಮುದ್ರಿಸಿ ತಂದ ವಿಶ್ವವಿದ್ಯಾಲಯವೊಂದರ ಬಿ.ಎ. ಅರ್ಜಿ. ಅದರಲ್ಲಿ ಚರಿತ್ರೆ, ಸಾಹಿತ್ಯ, ತತ್ವಶಾಸ್ತ್ರ, ಸಮಾಜಶಾಸ್ತ್ರ, ಜತೆಗೊಂದಿಷ್ಟು ಕಲೆ. ಮನೆಯ ವರಮಾನ ನೋಡಿ ಶುಲ್ಕದಲ್ಲಿ ವಿನಾಯಿತಿ ಕೊಡುತ್ತಾರಂತೆ. ಕೆಲಸ ಕೊಡಿಸುತ್ತೇವೆಂದು ಮಾತ್ರ ಎಲ್ಲೂ ಬರೆದಿಲ್ಲ.

"ಭಾಯಿ, ನೀವು ಕಥೆ ಬರೆಯೋರು, ನಾಲ್ಕು ಊರು ಕಂಡೋರು. ಇವೆರಡರಲ್ಲಿ ಯಾವುದು ಇವಳಿಗೆ ಒಳ್ಳೇದು, ನೀವೇ ಹೇಳಿ" ಎಂದರು.

ಹುಡುಗಿ ಏನೂ ಹೇಳಲಿಲ್ಲ. ಆರು ವರ್ಷದವಳಿದ್ದಾಗಿನಿಂದ ಅವಳು ಚಿತ್ರ ಬರೆಯುವುದನ್ನು ನಾವು ನೋಡಿದ್ದೇವೆ. ಅಪ್ಪನ ಬಣ್ಣದ ಡಬ್ಬಿಗಳ ನಡುವೆ ಬೆಳೆದ ಮಗು. ಕೈ ಚೆನ್ನಾಗಿದೆ ಎಂದರೆ ಕಡಿಮೆಯಾಯಿತು.

ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ಸಾಹಿತ್ಯದ ಕಡೆಯವರು ಸಾಮಾನ್ಯವಾಗಿ ಹೇಳುವ ಉತ್ತರ ಅದು: 'ವಿಶ್ವವಿದ್ಯಾಲಯಕ್ಕೆ ಕಳಿಸಿ, ಕೆಲಸದ ಮಾತು ಆಮೇಲೆ ನೋಡೋಣ.' ಆದರೆ ಹಿಂದಿನ ಒಂದು ತಪ್ಪು ನಮ್ಮ ಬಾಯಿ ಕಟ್ಟಿತು. ಹದಿನೈದು ವರ್ಷದ ಹಿಂದೆ ನಮ್ಮ ಬಂಧುಗಳ ಹುಡುಗನೊಬ್ಬ ಐಟಿಐ ಬಿಟ್ಟು ಸಾಹಿತ್ಯ ಓದುತ್ತೇನೆಂದು ಹೊರಟಾಗ ಬೆನ್ನು ತಟ್ಟಿ ಕಳಿಸಿದವರು ನಾವು. ಬಿ.ಎ. ಆಯಿತು, ಎಂ.ಎ. ಆಯಿತು. ಈಗ ಅತಿಥಿ ಉಪನ್ಯಾಸಕ. ಪಾಠವಿದ್ದ ತಿಂಗಳು ಸಂಬಳ, ಇಲ್ಲದ ತಿಂಗಳು ಅಣ್ಣನ ಗ್ಯಾರೇಜಿನಲ್ಲಿ ಲೆಕ್ಕ ಬರೆಯುವ ಕೆಲಸ. ಅವನ ಜತೆಗೆ ಐಟಿಐ ಸೇರಿದ್ದವನು ರೈಲ್ವೆಯಲ್ಲಿದ್ದಾನೆ, ಮನೆ ಕಟ್ಟಿದ್ದಾನೆ. ನಮ್ಮ ಹುಡುಗ ಒಂದು ದಿನವೂ ನಮ್ಮನ್ನು ದೂರಿಲ್ಲ. ದೂರಿದ್ದರೆ ನಮಗೆ ಒಂದಿಷ್ಟು ಹಗುರವಾಗುತ್ತಿತ್ತು.

ಬೇರೆಯವರ ಮಕ್ಕಳ ಅನ್ನವನ್ನು ಪಣಕ್ಕಿಟ್ಟು ನಮ್ಮ ಆದರ್ಶದ ಆಟ ಆಡುವುದು ಸುಲಭ. ನಾವಾದರೂ ಏನು ಮಾಡಿದೆವು? ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು. ಕಥೆಯ ಹುಚ್ಚು ಹತ್ತಿದ್ದು ಅಲ್ಲಿ. ಆದರೂ ಸೇರಿದ್ದು ಟಿಸಿಎಚ್‌ಗೆ, ಯಾಕೆಂದರೆ ಮೇಷ್ಟರ ಕೆಲಸಕ್ಕೆ ತಿಂಗಳ ಸಂಬಳವಿತ್ತು. ಹಗಲು ಮಗ್ಗಿ ಹೇಳಿಸಿ ರಾತ್ರಿ ಕಥೆ ಬರೆದೆವು. ಹಾಗಿರುವಾಗ ಯಾವ ಮುಖ ಇಟ್ಟುಕೊಂಡು ಈ ಹುಡುಗಿಗೆ ಕೆಲಸದ ಚಿಂತೆ ಬಿಡು ಎನ್ನುವುದು? "ಎರಡು ವಾರ ಸಮಯ ಕೊಡಿ" ಎಂದು ಕೇಳಿಕೊಂಡೆವು. ಈ ಬರಹ ಆ ಎರಡು ವಾರಗಳ ಲೆಕ್ಕ.

ಮೊದಲು ಪೇಂಟರ್ ಸಾಬರ ಕಥೆ ಹೇಳಬೇಕು. ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟು ತಿಪಟೂರಿನ ಉಸ್ತಾದರೊಬ್ಬರ ಹತ್ತಿರ ಸೇರಿದರು. ಮೊದಲ ವರ್ಷ ಬ್ರಷ್ ತೊಳೆದಿದ್ದು, ಎರಡನೆಯ ವರ್ಷ ಗೆರೆ ಎಳೆದಿದ್ದು, ಮೂರನೆಯ ವರ್ಷ ಅಕ್ಷರ. ಅರಸೀಕೆರೆ ಜಂಕ್ಷನ್ ಊರು. ಹುಬ್ಬಳ್ಳಿ, ಬೆಂಗಳೂರು, ಹಾಸನ, ಮೈಸೂರಿನ ಕಡೆಗೆ ಹೋಗುವವರೆಲ್ಲ ಇಲ್ಲಿ ಇಳಿದು ಹತ್ತುತ್ತಾರೆ. ಅಂಗಡಿ, ಲಾಡ್ಜು, ತೆಂಗಿನಕಾಯಿ ಮಂಡಿಗಳಿಗೆ ಬೋರ್ಡು ಬೇಕೇ ಬೇಕು. ಒಂದು ಕಾಲದಲ್ಲಿ ಊರಿನ ಅರ್ಧ ಬೋರ್ಡುಗಳು ಇವರ ಕೈಯವೇ. ಮಸೀದಿಯ ಉರ್ದು ಫಲಕವನ್ನೂ ಬರೆದರು, ದೇವಸ್ಥಾನದ ಜಾತ್ರೆಯ ಫಲಕವನ್ನೂ ಬರೆದರು. ಕನ್ನಡದ 'ಳ'ಕಾರಕ್ಕೆ ಅವರು ಕೊಡುತ್ತಿದ್ದ ಸುತ್ತನ್ನು ನೋಡಲೆಂದೇ ನಾವು ಹುಡುಗರು ಏಣಿಯ ಕೆಳಗೆ ನಿಲ್ಲುತ್ತಿದ್ದೆವು. ಪ್ರತಿ ಬೋರ್ಡಿನ ಬಲಮೂಲೆಯಲ್ಲಿ ಕಡಲೆಕಾಳಿನಷ್ಟು ಚಿಕ್ಕದಾಗಿ ತಮ್ಮ ಹೆಸರು, ಪಕ್ಕದಲ್ಲಿ 'ಆರ್ಟ್ಸ್' ಎಂದು ಬರೆಯುತ್ತಿದ್ದರು.

2000ದ ದಶಕದಲ್ಲಿ ಫ್ಲೆಕ್ಸ್ ಬಂತು. ಎರಡು ದಿನದ ಕೆಲಸ ಎರಡು ನಿಮಿಷದಲ್ಲಿ ಯಂತ್ರದಿಂದ ಇಳಿಯತೊಡಗಿತು. ಮೊದಲು ರಾಜಕೀಯದವರು ಹೋದರು, ಆಮೇಲೆ ಅಂಗಡಿಯವರು, ಕೊನೆಗೆ ಶಾಲೆಗಳು. 2018ರಲ್ಲಿ ಹೈಕೋರ್ಟ್ ಬೆಂಗಳೂರಿನ ಫ್ಲೆಕ್ಸ್ ಹಾವಳಿಯ ವಿರುದ್ಧ ಗಟ್ಟಿಯಾಗಿ ಮಾತಾಡಿದಾಗ ಸಾಬರು ಹಳೆಯ ಬ್ರಷ್‌ಗಳನ್ನೆಲ್ಲ ಟರ್ಪಂಟೈನಿನಲ್ಲಿ ನೆನೆಹಾಕಿದ್ದರು. ಆದರೆ ಹೋದ ಕೆಲಸ ಮರಳಿ ಬರಲಿಲ್ಲ. ಈಗ ಮನೆಗಳಿಗೆ ಸುಣ್ಣಬಣ್ಣ ಮಾಡುತ್ತಾರೆ. ಗೋಡೆ ಬಳಿಯುವುದಕ್ಕೆ 'ಳ'ಕಾರದ ಸುತ್ತು ಬೇಕಿಲ್ಲ.

ಅವರಿಗೆ ಕಸುಬು ಸಿಕ್ಕಿತ್ತು, ಅದೂ ಪೂರ್ತಿಯಾಗಿ ಸಿಕ್ಕಿತ್ತು. ಆ ಕಾಲಕ್ಕೆ ಅದೇ ನೂರಕ್ಕೆ ನೂರು ಪ್ಲೇಸ್‌ಮೆಂಟ್. ಇಪ್ಪತ್ತು ವರ್ಷ ಅನ್ನ ಕೊಟ್ಟಿತು. ಆಮೇಲೆ ಕೈ ಹಾಗೆಯೇ ಇತ್ತು, ಕಾಲ ಬದಲಾಯಿತು. ಈಗ ಮಗಳ ಮುಂದೆ ಇಟ್ಟಿರುವ ಪುಸ್ತಿಕೆಯೂ ಅದೇ ಮಾತು ಹೇಳುತ್ತಿದೆ, ಬ್ರಷ್‌ನ ಜಾಗದಲ್ಲಿ ಸಾಫ್ಟ್‌ವೇರ್ ಇದೆ ಅಷ್ಟೆ. 2022ರಿಂದೀಚೆಗೆ ನಾಲ್ಕು ಮಾತು ಟೈಪ್ ಮಾಡಿದರೆ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಎಲ್ಲರ ಮೊಬೈಲಿಗೂ ಬಂದಿವೆ. ಇವತ್ತು ಕಲಿಸುವ ಸಾಫ್ಟ್‌ವೇರ್ ಮೂರು ವರ್ಷದ ಮೇಲೆ ಯಾರಿಗೆ ಬೇಕಾದೀತು? ಆ ಪುಸ್ತಿಕೆಯಲ್ಲಿ ಇದರ ಮಾತಿಲ್ಲ. ಹಾಗೆಂದು ಬಿ.ಎ. ಪದವಿ ಹಿಡಿದು ನಿಂತವರಿಗೆ ಕೆಲಸ ಕಾದಿದೆಯೇ? ಅದೂ ಇಲ್ಲ, ನಮ್ಮ ಗ್ಯಾರೇಜಿನ ಲೆಕ್ಕಿಗನೇ ಸಾಕ್ಷಿ.

ಮುಂದಿನ ಭಾನುವಾರ ಮೂವರೂ ಹಳೇಬೀಡಿಗೆ ಹೊರಟೆವು. ಹುಡುಗಿ ಪ್ರವೇಶಕ್ಕೆಂದು ಕೆಲವು ಚಿತ್ರಗಳನ್ನು ಬರೆಯಬೇಕಿತ್ತು. ಜಾವಗಲ್ ಮೇಲೆ ಬಸ್ಸು. ದಾರಿಯುದ್ದಕ್ಕೂ ತೆಂಗಿನ ತೋಟ, ರಾಗಿ ಹೊಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಪ್ರವಾಸಿಗರ ಗದ್ದಲ ಹೆಚ್ಚಿದೆ. ನಮಗಾದರೆ ಇವು ಹತ್ತಿರದ ಊರುಗಳು. ಮದುವೆಗೆ ಹೋದಾಗ, ಸಂತೆಗೆ ಹೋದಾಗ ಒಂದು ಸುತ್ತು ಹಾಕಿ ಬರುವ ಜಾಗಗಳು.

ಹೊಯ್ಸಳೇಶ್ವರ ದೇವಾಲಯದ ಕೆಲಸ ಶುರುವಾದದ್ದು ಸುಮಾರು 1121ರಲ್ಲಿ. ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಹುಡುಗಿ ಚಕ್ರವ್ಯೂಹದ ಮುಂದೆ ಕೂತಳು. ಸಾಬರು ಆನೆಗಳ ಸಾಲನ್ನು ನೋಡುತ್ತ ನಡೆದರು. "ಭಾಯಿ, ಈ ಗೆರೆ ನೋಡಿ, ಎಲ್ಲೂ ಕೈ ನಡುಗಿಲ್ಲ" ಎಂದರು. ಕಸುಬಿನವನ ಕಣ್ಣಿಗೆ ಮೊದಲು ಕಾಣುವುದು ಕಸುಬು.

ಅಷ್ಟರಲ್ಲಿ ಹುಡುಗಿ ಕೇಳಿದಳು: "ಚಾಚಾ, ಈ ಚಕ್ರವ್ಯೂಹ ಕೆತ್ತಿದವನಿಗೆ ಕಥೆ ಗೊತ್ತಿತ್ತೋ, ಅಥವಾ ಯಾರೋ ಹೇಳಿದ ಹಾಗೆ ಕೆತ್ತಿದನೋ?"

ಇಂಥ ಪ್ರಶ್ನೆಯನ್ನು ಪುಸ್ತಿಕೆಯ ಯಾವ ಪುಟವೂ ಕೇಳುವುದಿಲ್ಲ. ಉತ್ತರದ ಸುಳಿವು ಕಲ್ಲಿನಲ್ಲಿಯೇ ಇದೆ. ಹೊಯ್ಸಳರ ಕಾಲದ ಶಿಲ್ಪಿಗಳು ಸಹಿ ಹಾಕಿದರು. ಬೇರೆ ಕಡೆಯ ಬಹುಪಾಲು ಶಿಲ್ಪಿಗಳ ಹೆಸರು ಅವರ ಜತೆಗೇ ಹೋಯಿತು, ಇಲ್ಲಿಯವರದು ಉಳಿಯಿತು. ನಾವು ದಾಟಿ ಬಂದ ಜಾವಗಲ್‌ನಲ್ಲಿ, ನುಗ್ಗೇಹಳ್ಳಿಯಲ್ಲಿ, 1268ರ ಸೋಮನಾಥಪುರದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. 1117ರ ಬೇಲೂರು ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಮಾಡಿದ ವಿಗ್ರಹಗಳ ಕೆಳಗೆ ಹೆಸರು, ಊರು, ಬಿರುದುಗಳನ್ನು ಕೆತ್ತಿದ್ದಾರೆ. 'ರೂವಾರಿ' ಎಂದರೆ ರೂಪ ಕಡೆಯುವವನು, ಶಿಲ್ಪಿ. ಇವತ್ತಿನ ಪತ್ರಿಕೆಗಳಲ್ಲಿ 'ಯೋಜನೆಯ ರೂವಾರಿ' ಎಂದು ಬರೆಯುತ್ತೇವೆ, ಅಂದರೆ ಯೋಚಿಸಿ ಕಟ್ಟಿದವನು. ಕೈಯ ಕೆಲಸದ ಹೆಸರು ತಲೆಯ ಕೆಲಸದ ಹೆಸರಾದದ್ದು ಕನ್ನಡದ ಒಳಗೇ ಆದ ಸಂಗತಿ. ಈ ಜನಕ್ಕೆ ಅಕ್ಷರ ಬರುತ್ತಿತ್ತು, ಕಥೆ ಗೊತ್ತಿತ್ತು, ತಮ್ಮ ಬೆಲೆಯೂ ಗೊತ್ತಿತ್ತು.

ದಾಸೋಜನ ಊರು ಬಳ್ಳಿಗಾವೆ, ಈಗಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಲ್ಲಿನ ಕೋಡಿಯ ಮಠದ ಬಗ್ಗೆ 1162ರ ಒಂದು ಶಾಸನವಿದೆ. ಅಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯದಂತಹ ದರ್ಶನಗಳು, ಕಾವ್ಯ, ನಾಟಕ ಎಲ್ಲವನ್ನೂ ಹೇಳಿಕೊಡುತ್ತಿದ್ದರೆಂದೂ, ಬಡವರಿಗೆ, ಅಂಗವಿಕಲರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತೆಂದೂ ಅದು ಹೇಳುತ್ತದೆ. ದಾಸೋಜ ಆ ಮಠದಲ್ಲಿ ಕೂತು ಓದಿದನೆಂದು ನಾವು ಹೇಳುವುದಿಲ್ಲ. ಆದರೆ ಶಿಲ್ಪಿಗಳ ಬೀದಿಯೂ ಶಾಸ್ತ್ರದ ಮಠವೂ ಒಂದೇ ಊರಿನಲ್ಲಿದ್ದವು, ಊಟದ ಪಂಕ್ತಿ ಪಾಠದ ಪಕ್ಕದಲ್ಲೇ ಇತ್ತು. ಈಗ ನಾವು ಬೇರೆ ಬೇರೆ ಅರ್ಜಿಗಳಲ್ಲಿ ಹುಡುಕುತ್ತಿರುವುದೆಲ್ಲ ಒಂದು ಊರಿನಲ್ಲಿ ಅಕ್ಕಪಕ್ಕ ಇತ್ತು.

ಅಲ್ಲಿಂದ ಹದಿನಾರು ಕಿಲೋಮೀಟರ್ ಬೇಲೂರು. ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ಗೈಡ್ ಒಬ್ಬರು ಜಕಣಾಚಾರಿಯ ಕಥೆ ಹೇಳುತ್ತಿದ್ದರು. ಕೇಳದವರಾರು? ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳುತ್ತಾನೆ, ಅದು ನಿಜವಾದರೆ ಬಲಗೈ ಕತ್ತರಿಸಿಕೊಳ್ಳುವೆನೆಂದು ಮಹಾಶಿಲ್ಪಿ ಪಣ ತೊಡುತ್ತಾನೆ. ಗಂಧ ಬಳಿದರೆ ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಬಳಿ ಒಣಗುವುದಿಲ್ಲ. ಒಡೆದು ನೋಡಿದರೆ ಒಳಗೆ ನೀರು, ಕಪ್ಪೆ. ಹುಡುಗ ಅವನ ಸ್ವಂತ ಮಗ ಡಂಕಣ. ಜಕಣಾಚಾರಿಯ ಹೆಸರು ಬೇಲೂರಿನ ಸಹಿಗಳಲ್ಲಿ ಸಿಗುವುದಿಲ್ಲ, ಇದು ಜನ ಕಟ್ಟಿದ ಕಥೆ. ಜನ ಯಾಕೆ ಕಟ್ಟಿದರು ಎಂಬುದು ನಮಗೆ ಮುಖ್ಯ. ಅಪ್ಪನ ಕೈಯಲ್ಲಿ ಲೋಪವಿರಲಿಲ್ಲ. ಆದರೆ ಉಳಿ ಇಡುವ ಮೊದಲು ಕಲ್ಲನ್ನು ಅನುಮಾನಿಸಬೇಕಿತ್ತು. ಅದು ಕೈಯಿಂದ ಬರುವ ವಿದ್ಯೆಯಲ್ಲ, ಪ್ರಶ್ನೆ ಕೇಳುವ ಅಭ್ಯಾಸದಿಂದ ಬರುವ ವಿದ್ಯೆ.

ಕಥೆ ಕೇಳುತ್ತ ಪೇಂಟರ್ ಸಾಬರು ಮಗಳನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ.

ಉರ್ದುವಿನಲ್ಲಿ ಎರಡು ಮಾತುಗಳಿವೆ. ಇಲ್ಮ್ ಮತ್ತು ಹುನರ್. ಇಲ್ಮ್ ಎಂದರೆ ಅರಿವು, ಹುನರ್ ಎಂದರೆ ಕೈಚಳಕ, ಕಸುಬು. ನಮ್ಮ ಮನೆಗಳಲ್ಲಿ ಇಲ್ಮ್‌ಗೆ ಗೌರವ, ಹುನರ್‌ಗೆ ಕೂಲಿ. ಇದು ಯಾವಾಗ ಬೇರೆಯಾಯಿತೋ! ನಮ್ಮ ಹಿರಿಯರಲ್ಲಿ ಈ ಅಂತರ ಇಷ್ಟು ದೊಡ್ಡದಿರಲಿಲ್ಲ. ಪ್ರವಾದಿ ದಾವೂದ್ ಕವಚ ಮಾಡುತ್ತಿದ್ದವರು, ಪ್ರವಾದಿ ಝಕರಿಯಾ ಬಡಗಿಯಾಗಿದ್ದವರು. ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಬೇಸಾಯ, ನೇಯ್ಗೆ, ವೈದ್ಯ, ಲೆಕ್ಕ ಮುಂತಾದವನ್ನು ಸಮುದಾಯದ ಮೇಲಿನ ಕಡ್ಡಾಯ ಹೊಣೆ ಎಂದು ಎಣಿಸುತ್ತಾರೆ. ಯಾರಾದರೂ ಕೆಲವರು ಮಾಡಲೇಬೇಕು, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಅವರದೇ ಇನ್ನೊಂದು ದೂರಿದೆ. ಊರಿನಲ್ಲಿ ಒಬ್ಬ ಮುಸ್ಲಿಂ ವೈದ್ಯನಿರುವುದಿಲ್ಲ, ಆದರೆ ಎಲ್ಲರೂ ಕಾನೂನಿನ ವಾದವಿವಾದ ಕಲಿಯಲು ಮುಗಿಬೀಳುತ್ತಾರೆ, ಯಾಕೆಂದರೆ ಅದರಿಂದ ಕಾಜಿಯ ಹುದ್ದೆ, ವಕ್ಫ್ ಆಸ್ತಿಯ ಉಸ್ತುವಾರಿ ಸಿಗುತ್ತದೆ ಎಂದು ಅವರು ನೊಂದುಕೊಂಡರು. ಅಂದಿನ ಪ್ಲೇಸ್‌ಮೆಂಟ್ ಕೋರ್ಸು ಅದು! ಕಾಲ ಕಾಲಕ್ಕೆ ಯಾವ ವಿದ್ಯೆ ಹುದ್ದೆ ಕೊಡುತ್ತದೋ ಅಲ್ಲಿ ಜನ ಸೇರುತ್ತಾರೆ. 1095ರಲ್ಲಿ ಗಝಾಲಿಯವರೇ ಬಗ್ದಾದಿನ ನಿಝಾಮಿಯಾದ ದೊಡ್ಡ ಹುದ್ದೆ ಬಿಟ್ಟು ನಡೆದರು.

ಇಬ್ನ್ ಖಲ್ದೂನ್ 1377ರ 'ಮುಕದ್ದಿಮಾ'ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪಾಠ ಹೇಳುವುದೇ ಒಂದು ಕಸುಬು ಎಂಬುದು ಅವರ ಮಾತು. ಕಸುಬುಗಳು ಮಾಡುವವನ ಬುದ್ಧಿಯನ್ನು ಬೆಳೆಸುತ್ತವೆ, ಅದರಲ್ಲೂ ಬರವಣಿಗೆ ಮತ್ತು ಲೆಕ್ಕ ಹೆಚ್ಚು ಬೆಳೆಸುತ್ತವೆ ಎಂಬುದು ಅವರ ಅಭಿಪ್ರಾಯ. ಕೈ ದುಡಿದಂತೆ ತಲೆ ಹರಿತವಾಗುತ್ತದೆ ಎಂದು ಅವರು ಬಲ್ಲರು. ಇಲ್ಮ್ ಮೇಲಿನ ಮಹಡಿ, ಹುನರ್ ಕೆಳಗಿನ ಮಹಡಿ ಎಂಬ ಲೆಕ್ಕ ಅವರದಲ್ಲ.

ನಮ್ಮ ದೇಶದಲ್ಲಿ ಈ ಮಹಡಿಗಳನ್ನು ಗಟ್ಟಿ ಮಾಡಿದ್ದು ಎರಡು ಸಂಗತಿ. ಒಂದು ಜಾತಿ, ಕೈಕೆಲಸ ಮಾಡುವವರು ಓದಕೂಡದು, ಓದುವವರು ಕೈ ಕೊಳೆ ಮಾಡಿಕೊಳ್ಳಕೂಡದು. ಇನ್ನೊಂದು ಬ್ರಿಟಿಷರು. 1850ರಲ್ಲಿ ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಕಲಾಶಾಲೆ ತೆರೆದರು, 1857ರಲ್ಲಿ ಮುಂಬಯಿಯಲ್ಲಿ ಜೆ.ಜೆ. ಶಾಲೆ ಬಂತು. ಒಳ್ಳೆಯ ಕುಶಲಕರ್ಮಿಗಳನ್ನು, ನಕ್ಷೆಗಾರರನ್ನು ತಯಾರು ಮಾಡುವುದು ಆ ಶಾಲೆಗಳ ಮೂಲ ಉದ್ದೇಶಗಳಲ್ಲೊಂದು. ಅದೇ 1857ರಲ್ಲಿ ಮದರಾಸು, ಮುಂಬಯಿ, ಕಲ್ಕತ್ತಗಳಲ್ಲಿ ವಿಶ್ವವಿದ್ಯಾಲಯಗಳು ಬಂದವು. ಇಲ್ಲಿ ಗುಮಾಸ್ತರು, ವಕೀಲರು, ಅಲ್ಲಿ ಕೈಗಾರರು. ಅರ್ಜಿಗಳು ಅಂದೇ ಎರಡಾದವು.

ಈ ಗೋಡೆಯನ್ನು ಒಡೆಯಲು ನೋಡಿದವರೂ ಇದ್ದಾರೆ. ಶಾಂತಿನಿಕೇತನದ ಕಲಾಭವನ 1919ರಲ್ಲಿ, ಬರೋಡದ ಲಲಿತಕಲಾ ವಿಭಾಗ ಸ್ವಾತಂತ್ರ್ಯದ ನಂತರ, 1950ರಲ್ಲಿ, ವಿಶ್ವವಿದ್ಯಾಲಯದ ಒಳಗೇ. ಬರೋಡದ ಹೆಸರಾಂತ ಮೇಷ್ಟರಾದ ಕೆ.ಜಿ. ಸುಬ್ರಮಣ್ಯನ್ ಮದರಾಸಿನಲ್ಲಿ ಅರ್ಥಶಾಸ್ತ್ರ ಓದಿದವರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದು 1944ರಲ್ಲಿ ಶಾಂತಿನಿಕೇತನ ಸೇರಿ ಚಿತ್ರಕಾರರಾದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪ ಅರಮನೆಯ ಚಿತ್ರಗಾರರ ಮನೆತನದವರು. ಕೈ ಮನೆಯಿಂದಲೇ ಬಂದಿತ್ತು. ಆದರೂ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದ ಮೇಲೆ ಅವರ ಕುಂಚಕ್ಕೆ ಬೇರೆಯದೇ ದಾರಿ ಸಿಕ್ಕಿತು. ಇಂದೂ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ 'ಕಾವಾ', 1960ರಿಂದ ನಡೆದುಬಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಅಲ್ಲಿ ಪದವಿಯ ಜತೆಗೆ ಕಲಾ ಇತಿಹಾಸದ ಓದೂ ಇದೆ. ಮೂರನೆಯ ದಾರಿ ಇಲ್ಲವೆನ್ನುವಂತಿಲ್ಲ.

ಕಲಾಶಾಲೆಯ ಪರವಾಗಿ ಹೇಳಬೇಕಾದ ಮಾತನ್ನು ನುಂಗಿಕೊಳ್ಳಬಾರದು. ದಿನಕ್ಕೆ ಎಂಟು ಗಂಟೆ ಕೈ ಸವೆಸುವ ಶಿಸ್ತು ಪುಸ್ತಕದಿಂದ ಬರುವುದಿಲ್ಲ. ಕೆಟ್ಟ ಗೆರೆಯನ್ನು ಎಲ್ಲರ ಮುಂದೆ ಕೆಟ್ಟದ್ದೆನ್ನುವ ಮೇಷ್ಟರು, ಒಟ್ಟಿಗೆ ರಾತ್ರಿ ಜಾಗರಣೆ ಮಾಡುವ ಗೆಳೆಯರು, ಮಣ್ಣು, ಲೋಹ, ಯಂತ್ರ ಇರುವ ಕೆಲಸದ ಮನೆ, ಇವೆಲ್ಲ ಅಲ್ಲೇ ಸಿಗಬೇಕು. ವಿಚಾರ ಮಾತ್ರ ಕಲಿತು ಕೈ ಬಾರದ ಕಲಾವಿದರನ್ನೂ ನಾವು ಕಂಡಿದ್ದೇವೆ. ಚಿತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಒಂದು ಲೋಟ ಬರೆದರೆ ಲೋಟ ಕಾಣುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೂ ಒಂದು ಪ್ರಶ್ನೆ ಏಳುತ್ತದೆ. ಸಾಬರ ಅಕ್ಕ ಅದನ್ನು ನೇರವಾಗಿಯೇ ಕೇಳಿದರು: "ಜೀವ ಇರೋದರ ಚಿತ್ರ ಬರೀಬಾರದು ಅಂತಾರಲ್ಲ, ನೀವೆಲ್ಲ ಸೇರಿ ಹುಡುಗೀನ ಎಲ್ಲಿಗೆ ಕಳಿಸ್ತಿದೀರಿ?" ಇದನ್ನು ನಕ್ಕು ತಳ್ಳುವಂತಿಲ್ಲ. ಉಲೇಮಾಗಳಲ್ಲಿ ಈ ಬಗ್ಗೆ ಅಭಿಪ್ರಾಯ ಭೇದವಿದೆ, ಎಚ್ಚರ ಬೇಕೆನ್ನುವವರ ಮಾತಿಗೆ ಆಧಾರವೂ ಇದೆ. ಅದೇ ಹೊತ್ತಿಗೆ ನಮ್ಮ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಚಿತ್ರಕಲೆ ಅರಳಿತು, ಅಕ್ಷರವನ್ನೇ ಚಿತ್ರವಾಗಿಸಿದ ಖತ್ತಾತಿಯ ದೊಡ್ಡ ಪರಂಪರೆ ಇದೆ. ಯಾವ ಗೆರೆ ದಾಟಬೇಕು, ಯಾವುದನ್ನು ದಾಟಬಾರದು ಎಂದು ಈ ಹುಡುಗಿ ತಾನೇ ತೀರ್ಮಾನಿಸಬೇಕಾದ ದಿನ ಬರುತ್ತದೆ. ಆ ದಿನ ಅವಳಿಗೆ ಸಾಫ್ಟ್‌ವೇರ್ ನೆರವಿಗೆ ಬಾರದು. ಓದು ಬೇಕು. 2022ರ ಹಿಜಾಬ್ ವಿವಾದದ ನಂತರವಂತೂ ಹೆಣ್ಣುಮಕ್ಕಳಿಗೆ ಕಾಲೇಜು ಆರಿಸುವಾಗ, ಅಲ್ಲಿ ಇವಳನ್ನು ಇವಳಾಗಿಯೇ ಕೂರಲು ಬಿಡುತ್ತಾರೆಯೇ ಎಂಬುದನ್ನೂ ನಮ್ಮ ತಾಯಂದಿರು ಕೇಳುತ್ತಾರೆ. ಅದನ್ನು ಕೇಳುವ ಹಕ್ಕು ಅವರಿಗಿದೆ.

ಈಗ ಮುಖ್ಯ ಮಾತಿಗೆ ಬರೋಣ. ಎರಡು ವಾರದಲ್ಲಿ ನಾವು ಗಮನಿಸಿದ್ದು ಇದು. ಕಾರಿನಲ್ಲಿ ಓಡಾಡುವವರ ಮನೆಯ ಮಗಳು ತತ್ವಶಾಸ್ತ್ರ ಓದುತ್ತೇನೆಂದರೆ 'ಎಷ್ಟು ಬುದ್ಧಿವಂತೆ' ಎನ್ನುತ್ತಾರೆ. ಪೇಂಟರನ ಮಗಳು ಅದೇ ಮಾತು ಹೇಳಿದರೆ 'ಹೊಟ್ಟೆಗೇನು ಮಾಡ್ತೀಯಮ್ಮ' ಎನ್ನುತ್ತಾರೆ. ಹೇಳುವವರು ಕೆಟ್ಟವರಲ್ಲ, ನಾವೂ ಅವರಲ್ಲಿ ಒಬ್ಬರು. ಆದರೆ ಎಲ್ಲರೂ ಸೇರಿ ಹೀಗೆ ಹೇಳುತ್ತ ಹೋದರೆ ಏನಾಗುತ್ತದೆ? ಉಳ್ಳವರ ಮಕ್ಕಳಿಗೆ ವಿಚಾರ, ಇಲ್ಲದವರ ಮಕ್ಕಳಿಗೆ ಕಸುಬು. ಯಾವ ಚಿತ್ರ ಬೇಕೆಂದು ಹೇಳುವವರು ಅವರು, ಬರೆದುಕೊಡುವವರು ಇವರು. ಜಾತಿ ಕಟ್ಟಿದ ಗೋಡೆಯನ್ನೇ ನಾವು ಶುಲ್ಕದ ಇಟ್ಟಿಗೆಯಿಂದ ಮತ್ತೆ ಕಟ್ಟುತ್ತಿದ್ದೇವೆ, ಮೇಲೆ 'ಕಾಳಜಿ' ಎಂದು ಬೋರ್ಡು ಬರೆದಿದ್ದೇವೆ.

ಹಾಗಾದರೆ ಹಸಿವಿನ ಪ್ರಶ್ನೆ ಸುಳ್ಳೇ? ಅಲ್ಲ. ಅದು ಹುಡುಗಿಯೊಬ್ಬಳೇ ಹೊರಬೇಕಾದ ಪ್ರಶ್ನೆಯಲ್ಲ ಎಂಬುದಷ್ಟೇ ನಮ್ಮ ಮಾತು. ನಮ್ಮ ಕಡೆಯ ಸಂಸ್ಥೆಯೊಂದರ ವಿದ್ಯಾರ್ಥಿವೇತನದ ಅರ್ಜಿ ತಂದು ನೋಡಿದೆವು. ಎಂಬಿಬಿಎಸ್, ಇಂಜಿನಿಯರಿಂಗ್, ನರ್ಸಿಂಗ್, ಐಟಿಐ ಎಂದು ಕಾಲಂಗಳಿವೆ. ಬಿ.ಎ.ಗೆ ಇಲ್ಲ, ಕಲೆಗೂ ಇಲ್ಲ. ಕೊನೆಯಲ್ಲಿ 'ಇತರೆ' ಎಂದಿದೆ. ಝಕಾತ್, ಚಂದಾ, ವಕ್ಫ್ ಎಂದು ಸಮುದಾಯ ಸೇರಿಸುವ ಹಣ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನಮ್ಮ ಮಕ್ಕಳ ಕನಸೂ ಹೋಗುತ್ತದೆ. ಡಾಕ್ಟರು ಬೇಕು, ಇಂಜಿನಿಯರು ಬೇಕು. ನಮ್ಮ ಚರಿತ್ರೆಯನ್ನು ನಾವೇ ಬರೆಯುವವರು, ನಮ್ಮ ಮುಖವನ್ನು ನಾವೇ ಚಿತ್ರಿಸುವವರು ಬೇಡವೇ? ಇದೇ ಹಾಸನದಿಂದ ಬಾನು ಮುಷ್ತಾಕ್ ಅವರು ಕಥೆ ಬರೆದು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ತಂದಾಗ ನಾವೆಲ್ಲ ಸಿಹಿ ಹಂಚಿದೆವು. ಅವರು ಪತ್ರಿಕೆಯಲ್ಲಿ ದುಡಿದರು, ವಕೀಲಿ ಮಾಡಿ ಬದುಕಿದರು, ಜತೆಜತೆಗೆ ಬರೆದರು. ಸಿಹಿ ಹಂಚಿದ ನಾವು ಮುಂದಿನ ಒಬ್ಬ ಹುಡುಗಿಗೆ ಆ ದಾರಿಯನ್ನು ಒಂದಿಷ್ಟು ಸುಗಮ ಮಾಡಿದ್ದೇವೆಯೇ? ಗಝಾಲಿಯವರ ಲೆಕ್ಕದಲ್ಲಿ ಯಾರೂ ಮಾಡದ ಕೆಲಸಕ್ಕೆ ಎಲ್ಲರೂ ಹೊಣೆ.

ಎರಡು ವಾರ ಮುಗಿದಾಗ ಸಾಬರ ಮನೆಗೆ ನಾವೇ ಹೋದೆವು. ಉತ್ತರ ಹೇಳಲು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು. "ಭಾಯಿ, ಬೇಲೂರಿನಿಂದ ಬಂದ ಮೇಲೆ ನನಗೆ ನಿದ್ದೆ ಇಲ್ಲ. ಇವಳಿಗೆ ಕೈ ನಾನು ಕೊಟ್ಟಿದೀನಿ. ಗೆರೆ, ಅಕ್ಷರ, ಬಣ್ಣ ಕಲಸೋದು ಎಲ್ಲಾ ಮನೇಲೇ ಕಲ್ತಿದಾಳೆ. ನಾನು ಕೊಡೋಕಾಗದೇ ಇರೋದು ಓದು. ಫ್ಲೆಕ್ಸ್ ಬಂದಾಗ ಬೇರೆ ಏನು ಮಾಡಬಹುದು ಅಂತ ಯೋಚನೆ ಮಾಡೋಕೆ ನನಗೆ ಬರಲಿಲ್ಲ. ಕೈ ಇತ್ತು, ದಾರಿ ಕಾಣಲಿಲ್ಲ. ಅದಕ್ಕೇ, ಮನೇಲಿ ಇಲ್ಲದ್ದನ್ನ ಕಲಿಯೋಕೆ ಹೋಗಲಿ."

ಎರಡು ವಾರ ಗ್ರಂಥಗಳನ್ನು ತಿರುವಿ ನಾವು ಕಾಣದ ಅಳತೆಗೋಲನ್ನು ಅವರು ಒಂದು ಮಾತಿನಲ್ಲಿ ಇಟ್ಟರು. ಮನೆಯಲ್ಲಿ ಸಿಗದ್ದನ್ನು ಕಲಿಯಲು ಹೊರಗೆ ಹೋಗಬೇಕು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರು ಬಿದರಿ ಕಲೆಯನ್ನು ತಂದೆಯಿಂದ ಕಲಿತು 2023ರಲ್ಲಿ ಪದ್ಮಶ್ರೀವರೆಗೆ ಹೋದರು. ಅಂಥ ಮನೆಯೇ ಒಂದು ಕಲಾಶಾಲೆ. ಪುಸ್ತಕ ತುಂಬಿದ ಮನೆಯಲ್ಲಿ ಬೆಳೆದು ಪೆನ್ಸಿಲ್ ಹಿಡಿಯಲು ಬಾರದ ಮಗುವಿಗೆ ಕಲಾಶಾಲೆಯೇ ಸರಿ. ಅಲ್ಲಿ ಅದು ಬೆವರುವುದನ್ನು ಕಲಿಯಲಿ. ಬಣ್ಣದ ಡಬ್ಬಿಗಳ ನಡುವೆ ಬೆಳೆದ ಮಗುವಿಗೆ ಓದು ಬೇಕು. ಎರಡು ಅರ್ಜಿಗಳಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಉತ್ತರವಿಲ್ಲ, ಈ ಮನೆಯಲ್ಲಿ ಯಾವುದು ಇಲ್ಲ ಎಂಬ ಪ್ರಶ್ನೆಗೆ ಇದೆ. ನಮ್ಮ ಗ್ಯಾರೇಜಿನ ಹುಡುಗನ ವಿಷಯದಲ್ಲಿ ನಾವು ತಪ್ಪಿದ್ದೂ ಇಲ್ಲೇ ಎಂದು ಈಗ ಅನ್ನಿಸುತ್ತದೆ. ಅವನ ಮನೆಯಲ್ಲಿ ಕಥೆಗೆ ಕೊರತೆಯಿರಲಿಲ್ಲ, ಅಜ್ಜಿಯೇ ಒಂದು ಗ್ರಂಥಾಲಯ. ಅವನಿಗಿಲ್ಲದ್ದು ಕೈಗೊಂದು ಕಸುಬು. ಅದನ್ನು ಕೇಳಿ ತಿಳಿಯದೆ ನಮ್ಮ ಹಂಬಲವನ್ನು ಅವನ ಹೆಗಲಿಗೆ ಹಾಕಿದೆವು.

ಸಾಬರ ಮಗಳಿಗೆ ಒಂದು ಷರತ್ತು ಇದೆ. ಕೈ ಬಿಡುವಂತಿಲ್ಲ. ರಜೆಯಲ್ಲಿ ಮದುವೆ ಕಾರ್ಡು, ಶಾಲೆಗಳ ಗೋಡೆ ಚಿತ್ರ, ಏನು ಸಿಕ್ಕರೂ ಅಪ್ಪನ ಜತೆ ಮಾಡಬೇಕು. "ಓದು ಊಟ ಹಾಕೋ ತನಕ ಕೈ ಹಾಕುತ್ತೆ" ಎಂದರು ಸಾಬರು. ಹುಡುಗಿ ಮೊದಲ ಬಾರಿಗೆ ಮಾತಾಡಿದಳು: "ಗೋಡೆ ಚಿತ್ರಕ್ಕೆ ಸಹಿ ನಂದು, ಅಬ್ಬಾ." ಸಾಬರು ನಕ್ಕರು.

ವಿಶ್ವವಿದ್ಯಾಲಯದ ಅರ್ಜಿ ಹೋಗಿದೆ. ಶುಲ್ಕದ ವಿನಾಯಿತಿ ಸಿಕ್ಕರೂ ಹಾಸ್ಟೆಲಿಗೆ, ಪುಸ್ತಕಕ್ಕೆ ಹಣ ಬೇಕು. ಅದಕ್ಕಾಗಿ ಆ ವಿದ್ಯಾರ್ಥಿವೇತನದ ಅರ್ಜಿಯನ್ನೂ ತುಂಬಿ ಕೊಟ್ಟಿದ್ದೇವೆ. 'ಇತರೆ' ಎಂಬ ಕಾಲಂ ಮುಂದೆ ಜಾಗ ಸಾಲದೆ ಹುಡುಗಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದಾಳೆ. ಸಮಿತಿಯವರ ಉತ್ತರ ಇನ್ನೂ ಬಂದಿಲ್ಲ. ಇದನ್ನು ಓದುವವರಲ್ಲಿ ಅಂಥ ಸಮಿತಿಗಳಲ್ಲಿ ಕೂರುವವರು ಇದ್ದೀರಿ ಎಂದು ನಮಗೆ ಗೊತ್ತು. ಮುಂದಿನ ವರ್ಷ ಅರ್ಜಿ ಅಚ್ಚು ಹಾಕಿಸುವಾಗ ಆ ಕಾಲಂ ಅನ್ನು ಒಂದಿಷ್ಟು ಅಗಲ ಮಾಡಿಸಿ.